ಕೈಪಿಡಿಯೂ ತಾಳೆಯಾಗಬೇಕು

ಲೆಕ್ಕಪುಸ್ತಕಗಳನ್ನು ತಾಳೆ ನೋಡದೆ ವರ್ಷ ಮುಗಿಸುವ ಉದ್ಯಮಿಗಳಿಲ್ಲ. ಆದರೆ ಯಂತ್ರದೊಡನೆ ಗ್ರಾಹಕನಿಗೆ ಕೊಡುವ ಕೈಪಿಡಿ, ತಂತಿ ಜೋಡಣೆಯ ನಕ್ಷೆ, ಬಿಡಿಭಾಗಗಳ ಪಟ್ಟಿ ಇವು ದರಪಟ್ಟಿಗೆ ತಾಳೆಯಾಗುತ್ತವೆಯೇ ಎಂದು ಪರಿಶೀಲಿಸುವವರು ವಿರಳ.

ಗ್ರಾಹಕನ ಬೇಡಿಕೆಗನುಗುಣವಾಗಿ ಆಯ್ಕೆಗಳನ್ನು ಒದಗಿಸುವುದು ಸಣ್ಣ ಕೈಗಾರಿಕೆಗಳಿಗೂ ಅನಿವಾರ್ಯವಾಗಿದೆ. 'ಬೇಕು' ಅಥವಾ 'ಬೇಡ' ಎನ್ನಬಹುದಾದ 10 ಆಯ್ಕೆಗಳಿದ್ದರೆ 1,024 ಬಗೆಯ ಸರಕು ಸಾಧ್ಯ. 20 ಇದ್ದರೆ 10,48,576. ಲೆಕ್ಕಪರಿಶೋಧನೆಯಲ್ಲಿ ಆಯ್ದ ನಮೂದುಗಳ ಪರೀಕ್ಷೆಗೆ ಮಾನ್ಯತೆಯುಂಟು. ಇಲ್ಲಿ ಆ ಕ್ರಮ ಸಾಲದು. ನಾವು ನೋಡದೆ ಬಿಟ್ಟ ಬಗೆಯನ್ನೇ ಒಬ್ಬ ಗ್ರಾಹಕ ಕೊಳ್ಳಬಹುದು.

ಪಂಪ್‌ಸೆಟ್ಟೊಂದು ಸಿಂಗಲ್ ಫೇಸ್ ಅಥವಾ ತ್ರೀ ಫೇಸ್‌ನಲ್ಲಿ, ಸಾದಾ ಅಥವಾ ಡಿಜಿಟಲ್ ಪ್ಯಾನೆಲ್‌ನೊಡನೆ ದೊರೆಯುತ್ತದೆನ್ನೋಣ. ಮೊದಲ ನಕ್ಷೆ ಸಾದಾ ಪ್ಯಾನೆಲ್‌ಗೆ, ಎರಡನೆಯದು ತ್ರೀ ಫೇಸ್ ಡಿಜಿಟಲ್ ಪ್ಯಾನೆಲ್‌ಗೆ. ದರಪಟ್ಟಿಯಲ್ಲಿ ನಿಷೇಧವಿಲ್ಲದ ಸಿಂಗಲ್ ಫೇಸ್ ಡಿಜಿಟಲ್ ಪಂಪಿಗೆ ನಕ್ಷೆಯೇ ಇಲ್ಲ! ನಾಲ್ಕು ಬಗೆಗಳಲ್ಲಿ ಈ ಲೋಪ ಕಣ್ಣಿಗೆ ಬೀಳುತ್ತದೆ, ಲಕ್ಷಗಳಲ್ಲಿ ಬೀಳದು.

ಇದಕ್ಕೆ ಪರಿಹಾರವುಂಟು. ನಿಯಮಗಳನ್ನು 'ಇದು ಇದ್ದರೆ ಅದು ಇರಬೇಕು' ಎಂಬ ತರ್ಕವಾಕ್ಯಗಳಾಗಿ ಬರೆದು, 'ಮಾರಾಟಕ್ಕೆ ಅವಕಾಶವಿದ್ದೂ ನಕ್ಷೆಯಿಲ್ಲದ ಬಗೆ ಉಂಟೇ?' ಎಂದು ಗಣಕಯಂತ್ರವನ್ನು ಕೇಳಬಹುದು. ಅದು ಅಂಥದೊಂದನ್ನು ತೋರಿಸುತ್ತದೆ, ಇಲ್ಲವೇ ಅಂಥದು ಇಲ್ಲವೆಂದು ಸಾಧಿಸುತ್ತದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವೋಲ್ಫ್‌ಗಾಂಗ್ ಕ್ಯುಶ್ಲಿನ್ ಮತ್ತು ಕಾರ್ಸ್ಟೆನ್ ಝಿಂಟ್ಸ್ ಈ ಕ್ರಮವನ್ನು ಮರ್ಸಿಡಿಸ್ ವಾಹನಗಳ ಉತ್ಪನ್ನ ದಾಖಲೆಗಳಿಗೆ ಅನ್ವಯಿಸಿ 2000ದಲ್ಲಿ ಪ್ರಬಂಧ ಪ್ರಕಟಿಸಿದರು. ಮಿನಿಸ್ಯಾಟ್, ಝಡ್3ಯಂಥ ತಂತ್ರಾಂಶಗಳು ಇಂದು ಉಚಿತವಾಗಿ ಲಭ್ಯ. ನಿಜವಾದ ವೆಚ್ಚ, ಹಳೆಯ ಮೇಸ್ತ್ರಿಯ ನೆನಪಿನಲ್ಲಷ್ಟೇ ಇರುವ ನಿಯಮಗಳನ್ನು ಬರಹಕ್ಕಿಳಿಸುವ ಶ್ರಮ.

ತರ್ಕಕ್ಕೂ ಮಿತಿಯಿದೆ. ನಕ್ಷೆ ಉಂಟೆಂಬುದನ್ನು ಅದು ಹೇಳೀತು. ನಕ್ಷೆಯೊಳಗೆ ತಂತಿಯ ಬಣ್ಣ ತಪ್ಪಿದ್ದರೆ ಇಂಜಿನಿಯರರೇ ಹಿಡಿಯಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ ಎಂಬುದನ್ನು ಬಲ್ಲ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದು ಕೇವಲ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 84ನೇ ಕಲಮಿನನ್ವಯ, ಹಾನಿಯನ್ನು ತಡೆಯಲು ಸರಿಯಾದ ಬಳಕೆಯ ಬಗ್ಗೆ ಸಾಕಷ್ಟು ಸೂಚನೆಗಳಿಲ್ಲದ ಉತ್ಪನ್ನದಿಂದಾದ ಹಾನಿಗೆ ತಯಾರಕನು ಹೊಣೆಯಾಗುತ್ತಾನೆ. ಒಂದು ಪುಟ ಮುದ್ರಿಸುವ ಖರ್ಚೆಲ್ಲಿ, ಪರಿಹಾರದ ಮೊತ್ತವೆಲ್ಲಿ!

ಆದ್ದರಿಂದ ಸದಸ್ಯರು ಹೆಚ್ಚು ಆಯ್ಕೆಗಳಿರುವ ಒಂದೇ ಉತ್ಪನ್ನದಿಂದ ಆರಂಭಿಸಲಿ. ಅದರ ನಿಯಮಗಳನ್ನು ಒಂದು ಕೋಷ್ಟಕದಲ್ಲಿ ಬರೆಯಲಿ. ದರಪಟ್ಟಿ ಬದಲಾದಾಗಲೆಲ್ಲ ಪರೀಕ್ಷೆಯನ್ನು ಪುನಃ ನಡೆಸಲಿ. ಸರಕಿನೊಡನೆ ಹೋಗುವ ಕಾಗದವೂ ಸರಕಿನ ಭಾಗವೇ ಎಂಬುದನ್ನು ಮರೆಯಬಾರದು.