ಚುನಾವಣೆಯ ದಿನ ಗೊತ್ತುಮಾಡುವವರು
ಪ್ರಜಾಪ್ರಭುತ್ವದಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿಯಬೇಕಾದರೆ ಗೆದ್ದವರಿಗಿಂತ ಮೊದಲು, ಚುನಾವಣೆ ಯಾವಾಗ ನಡೆಯಬೇಕೆಂದು ತೀರ್ಮಾನಿಸುವವರನ್ನು ನೋಡಬೇಕು. 1977ರಲ್ಲಿ ಇಂದಿರಾ ಗಾಂಧಿಯವರನ್ನೇ ರಾಯ್‌ಬರೇಲಿಯಲ್ಲಿ ಸೋಲಿಸಿದ ಮತದಾರ ದುರ್ಬಲನಲ್ಲ, ನಿಜ. ಆದರೆ ತನ್ನ ವಾರ್ಡಿನ ಸದಸ್ಯರನ್ನು ಆರಿಸುವ ಅವಕಾಶವೇ ಸಿಗದಿದ್ದರೆ ಅವನೇನು ಮಾಡಬೇಕು? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಂದಿನ ಐದು ವರ್ಷ, ಅಂದರೆ ಪಾಲಿಕೆಯ ಇಡೀ ಒಂದು ಅವಧಿ, ಆಡಳಿತಾಧಿಕಾರಿಗಳ ಕೈಯಲ್ಲೇ ಕಳೆಯಿತು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿದ ಮೇಲೂ ಇದೇ ಕತೆ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನವೇ ಹೇಳುತ್ತದೆ. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಕಾರಣಗಳು ಬಂದವು. ಬಿಜೆಪಿ ಹೋಗಿ ಕಾಂಗ್ರೆಸ್ ಬಂದರೂ ವಿಳಂಬ ಮಾತ್ರ ಹೋಗಲಿಲ್ಲ. ಅನುದಾನ, ಕಾಮಗಾರಿಗಳ ಮೇಲೆ ಹಿಡಿತವಿರುವ ಶಾಸಕರಿಗೆ, ಪಕ್ಷ ಯಾವುದೇ ಇರಲಿ, ಕೆಳಗಿನಿಂದ ಪೈಪೋಟಿ ಬೇಕಿಲ್ಲ ಎಂದೇ ನಾನು ಭಾವಿಸುತ್ತೇನೆ. ಕಾರ್ಪೊರೇಟರುಗಳು ಭ್ರಷ್ಟರು, ಅವರಿಗಿಂತ ಐಎಎಸ್ ಅಧಿಕಾರಿಯೇ ವಾಸಿ ಎನ್ನುವವರಿದ್ದಾರೆ. ಭ್ರಷ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆಯಾದರೂ ಜನ ಮನೆಗೆ ಕಳಿಸಬಹುದು; ಆಡಳಿತಾಧಿಕಾರಿಯನ್ನು ವರ್ಗ ಮಾಡುವುದು ಸರ್ಕಾರ, ಹಾಗಾಗಿ ಅವರು ಉತ್ತರ ಹೇಳುವುದೂ ಸರ್ಕಾರಕ್ಕೇ. ರಾಜಕಾಲುವೆ ಉಕ್ಕಿ ನಡುರಾತ್ರಿ ಅಡುಗೆಮನೆಗೆ ಕೊಳಚೆ ನುಗ್ಗಿದಾಗ ಸಿರಿವಂತರ ಬಳಿ ಮಂತ್ರಿಯ ಫೋನ್ ನಂಬರಿರುತ್ತದೆ. ಬಡವರ ಬೀದಿಯವರಿಗೆ ತಟ್ಟಲು ಇದ್ದದ್ದು ಕಾರ್ಪೊರೇಟರ್ ಮನೆಯ ಬಾಗಿಲೊಂದೇ. ಮುಂದಿನ ಸಲ ಮತ ಕೇಳಲು ಬರುವ ಶಾಸಕರನ್ನು ಮೊದಲು ಕೇಳಿ: ಸ್ಥಳೀಯ ಸಂಸ್ಥೆಗಳ ಚುನಾವಣೆ ನಿಂತಿದ್ದ ಅಷ್ಟೂ ವರ್ಷ ವಿಧಾನಸಭೆಯಲ್ಲಿ ನೀವು ಅದರ ಬಗ್ಗೆ ಏನು ಮಾತಾಡಿದಿರಿ?