ಪಾಲಕರ ಶಿಕ್ಷಣವು ಫಲಿಸುವುದು ಹೇಗೆ?

ಶಾಲೆಯಲ್ಲಿ ಕಲಿತುದು ಮನೆಯಲ್ಲಿ ನೆಲೆಗೊಳ್ಳಬೇಕಾದರೆ ಮನೆಯವರಿಗೂ ತಿಳಿವಳಿಕೆ ಬೇಕೆಂಬ ಮಾತನ್ನು ಎಲ್ಲರೂ ಒಪ್ಪುವರು. ಅದಕ್ಕಾಗಿಯೇ ಪಾಲಕರ ಸಭೆಗಳೂ ತಾಯಂದಿರ ಕೂಟಗಳೂ ಎಲ್ಲೆಡೆಯಲ್ಲಿ ನಡೆಯುತ್ತಿವೆ. ಅವುಗಳಿಂದ ಫಲವುಂಟೇ ಎಂದು ವಿಚಾರಿಸುವವರು ಮಾತ್ರ ವಿರಳ. ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಓದುವ ಈ ಸಂಚಿಕೆಯಲ್ಲಿ ಆ ವಿಚಾರವನ್ನು ಮಾಡುವುದು ಉಚಿತವೆಂದು ಭಾವಿಸುತ್ತೇವೆ.

ಕೃಷ್ಣಾತೀರದ ಗಲಗಲಿಯಂಥ ಊರನ್ನು ನೋಡೋಣ. ಸುತ್ತಲಿನ ಬೀಳಗಿ, ಮುಧೋಳ, ಜಮಖಂಡಿ ಸೀಮೆಯಲ್ಲಿ ಕಬ್ಬಿನ ಬೆಳೆ, ರಬಕವಿ-ಬನಹಟ್ಟಿಗಳಲ್ಲಿ ನೇಕಾರಿಕೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹಗಲು ಹನ್ನೊಂದು ಗಂಟೆಗೆ ಸಭೆಯೆಂದು ಚೀಟಿ ಕಳುಹಿಸಿದರೆ ಯಾರು ಬಂದಾರು? ಕೂಲಿಯನ್ನು ಬಿಟ್ಟು ಬಂದ ತಾಯಿಗೆ ಎರಡು ತಾಸಿನ ಭಾಷಣ. ಕಡೆಯಲ್ಲಿ, "ನಿಮ್ಮ ಮಗಳು ಲೆಕ್ಕದಲ್ಲಿ ಬಹಳ ಹಿಂದೆ" ಎಂಬ ದೂರು. ಮುಂದಿನ ಸಭೆಗೆ ಆಕೆ ಬಾರದಿದ್ದರೆ ಪಾಲಕರಿಗೆ ಆಸ್ಥೆಯಿಲ್ಲವೆಂದು ನಾವೇ ತೀರ್ಪು ಕೊಡುತ್ತೇವೆ. ಇದು ನ್ಯಾಯವಲ್ಲ.

ಹಾಗೆಂದು ಪಾಲಕರ ಶಿಕ್ಷಣವೇ ವ್ಯರ್ಥವೆಂದು ತಿಳಿಯಲಾಗದು. 1986-87ರಲ್ಲಿ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬವರೂ ಅವರ ಸಂಗಡಿಗರೂ ಬೆಳವಣಿಗೆ ಕುಂಠಿತವಾದ 129 ಕೂಸುಗಳ ವಿಷಯದಲ್ಲಿ ಒಂದು ಪರೀಕ್ಷೆಯನ್ನು ಕೈಕೊಂಡರು. ಅವುಗಳಲ್ಲಿ ಕೆಲವು ಕೂಸುಗಳ ಮನೆಗೆ ಆರೋಗ್ಯ ಸೇವಕಿಯು ವಾರಕ್ಕೊಂದು ತಾಸಿನಂತೆ ಎರಡು ವರ್ಷ ಹೋಗುತ್ತಿದ್ದಳು. ಮನೆಯಲ್ಲಿ ದೊರೆವ ವಸ್ತುಗಳಿಂದಲೇ ಆಟಿಕೆ ಮಾಡಿ, ತಾಯಿಯೊಡನೆ ಕುಳಿತು ಕೂಸನ್ನು ಆಡಿಸುವುದೇ ಅಲ್ಲಿಯ ಪಾಠ. 20 ವರ್ಷಗಳ ತರುವಾಯ ನೋಡಲಾಗಿ, ಆ ಮಕ್ಕಳ ಗಳಿಕೆಯು ಅಂಥ ಭೇಟಿ ದೊರೆಯದ ಮಕ್ಕಳ ಗಳಿಕೆಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು!

ಮನೆಮನೆಗೆ ಹೋಗಲು ಜನರೆಲ್ಲಿ ಎಂದು ಕೇಳಬಹುದು. ಒಡಿಶಾದ ಹಳ್ಳಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಾಯಂದಿರ ಸಣ್ಣ ಗುಂಪುಗಳಿಂದಲೂ ಮಕ್ಕಳ ಬುದ್ಧಿವಿಕಾಸಕ್ಕೆ ಮನೆಭೇಟಿಯಿಂದಾದಂಥ ಲಾಭವೇ ಕಂಡುಬಂದಿತು, ವೆಚ್ಚವೂ ಕಡಿಮೆ. ನಮ್ಮ ಸೀಮೆಗೂ ಈ ದಾರಿ ಹೊಸದಲ್ಲ. ಗಲಗಲಿಯು ವಿಜಾಪುರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1989ರಲ್ಲಿ, ಆ ಜಿಲ್ಲೆಯಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಬಡ ಸ್ತ್ರೀಯರನ್ನು ಸಂಘಗಳಾಗಿ ಕೂಡಿಸಿ, ಅವರವರ ಪ್ರಶ್ನೆಗಳಿಂದಲೇ ಕಲಿಕೆಗೆ ತೊಡಗಿತು.

ಇದರಲ್ಲಿ ನಮ್ಮ ಹೆಣ್ಣುಮಕ್ಕಳ ಭವಿತವ್ಯವೇ ಅಡಗಿದೆ. 1929ರ ಶಾರದಾ ಕಾಯಿದೆಯು ಹೆಣ್ಣಿನ ಮದುವೆಗೆ 14 ವರ್ಷದ ಮಿತಿಯನ್ನು ಹಾಕಿತು. 1978ರ ತಿದ್ದುಪಡಿಯಿಂದ ಅದು 18 ಆಯಿತು. ಆದರೂ ಹತ್ತನೆಯ ಇಯತ್ತೆ ಮುಗಿಯುವ ಮೊದಲೇ ಮಗಳನ್ನು ಶಾಲೆ ಬಿಡಿಸಿ ಮದುವೆ ಮಾಡುವ ಮನೆಗಳು ಇನ್ನೂ ಉಂಟು. ಆ ನಿರ್ಣಯವು ಒಲೆಯ ಮುಂದೆ, ತಂದೆ, ಅಜ್ಜಿ, ಸೋದರಮಾವ ಕೂಡಿದಲ್ಲಿ ಆಗುವುದು. ತಾಯಿಗೆ ಮಾತ್ರ ಬೋಧಿಸಿ, ಈ ಹಿರಿಯರನ್ನು ಮರೆತ ಸಭೆಯ ಮಾತು ಅಲ್ಲಿಯವರೆಗೆ ಮುಟ್ಟೀತು ಹೇಗೆ?

ಆದುದರಿಂದ ಶಾಲೆಗಳು ದುಡಿಯುವವರ ಬಿಡುವನ್ನು ಕೇಳಿ ಸಭೆಯ ವೇಳೆಯನ್ನು ಗೊತ್ತುಪಡಿಸಲಿ. ಮಗುವಿನ ಒಂದಾದರೂ ಗುಣವನ್ನು ಮೊದಲು ಹೇಳಲಿ. ತಂದೆಯನ್ನೂ ಅಜ್ಜಿಯನ್ನೂ ಕರೆಯಲಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮ ಓಣಿಯ ನಾಲ್ಕಾರು ಮಂದಿ ತಾಯಂದಿರನ್ನು ವಾರಕ್ಕೊಂದು ಸಂಜೆ ನಿಮ್ಮ ಪಡಸಾಲೆಗೆ ಕರೆಯಿರಿ. ಬೋಧಿಸುವ ಮುಂಚೆ ಅವರ ಕಷ್ಟಗಳನ್ನು ಕೇಳಿರಿ. ಒಮ್ಮೆ ತೊಡಗಿದುದನ್ನು ವರ್ಷವಿಡೀ ಬಿಡದಿರಿ.

ಸಭೆಗೆ ಬಂದವರನ್ನು ಎಣಿಸಿ ವರದಿ ಬರೆಯುವುದು ಸುಲಭ. ಬೇಸಿಗೆಯ ರಜೆಯೂ ಮದುವೆಯ ಮುಹೂರ್ತಗಳೂ ಕಳೆದು ಶಾಲೆ ಬಾಗಿಲು ತೆರೆದ ದಿನ, ಎಷ್ಟು ಹುಡುಗಿಯರು ತಮ್ಮ ತಮ್ಮ ಸ್ಥಳಕ್ಕೆ ಮರಳಿ ಬಂದು ಕುಳಿತರೆಂಬುದನ್ನು ಎಣಿಸೋಣ. ನಮ್ಮ ಪ್ರಯತ್ನದ ಬೆಲೆ ಅಂದು ತಿಳಿಯುವುದು.