ಕಣ್ಣು ಮಿಟುಕಿಸಿದರೆ ಮಾತ್ರ ಖಾತೆ?

ಆ್ಯಪ್‌ನಲ್ಲಿ ಕೆವೈಸಿ ಮಾಡುವಾಗ ‘ಕ್ಯಾಮೆರಾ ನೋಡಿ, ಕಣ್ಣು ಮಿಟುಕಿಸಿ’ ಅನ್ನುತ್ತೆ. ನಮಗದು ಎರಡು ಸೆಕೆಂಡಿನ ಕೆಲಸ. ಆದರೆ ಆಸಿಡ್ ದಾಳಿಯಲ್ಲಿ ರೆಪ್ಪೆ ಸುಟ್ಟುಹೋದವರು ಮಿಟುಕಿಸೋದು ಹೇಗೆ? ಕಣ್ಣು ಕಾಣದವರು ಮುಖವನ್ನು ಆ ಚೌಕಟ್ಟಿನೊಳಗೆ ತರೋದು ಹೇಗೆ?

ಇಂಥವರೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಡಿಜಿಟಲ್ ಸೇವೆ ಪಡೆಯುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಕೋರ್ಟ್ ಹೇಳಿತು. ಜೊತೆಗೆ 20 ನಿರ್ದೇಶನ ಕೊಟ್ಟಿತು. ಕಣ್ಣು ಮಿಟುಕಿಸೋದಕ್ಕೆ ಬದಲಿ ದಾರಿ ಇರಬೇಕು ಅನ್ನೋದೂ ಅದರಲ್ಲಿದೆ.

ಹಾಗಂತ ಕಾನೂನು ಹೊಸದೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೇವೆ ಕೊಡುವ ಖಾಸಗಿಯವರಿಗೂ ಎರಡು ವರ್ಷದ ಗಡುವು ಹಾಕಿತ್ತು. ಆದರೂ ನಮ್ಮ ಟೀಮುಗಳಲ್ಲಿ ಅಕ್ಸೆಸಿಬಿಲಿಟಿ ಅಂದರೆ ಯಾವಾಗಲೂ ‘ಮುಂದಿನ ಸ್ಪ್ರಿಂಟ್’ನ ಕೆಲಸ.

ಒಮ್ಮೆ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿಕೊಂಡು ಕರೆಂಟ್ ಬಿಲ್ ಪುಟದವರೆಗೆ ಹೋಗಿ ನೋಡಿ. ಡೆವಲಪರ್ ಹೆಸರು ಕೊಡದ ಕಡೆ ಫೋನ್ ‘ಬಟನ್’ ಅನ್ನುತ್ತೆ, ಯಾವ ಬಟನ್ ಅಂತ ಹೇಳಲ್ಲ. ಪಾವತಿಯೋ, ರದ್ದೋ? ಆ ಬಟನ್‌ಗೆ ಹೆಸರು ಕೊಡೋಕೆ ಸಾಮಾನ್ಯವಾಗಿ ಒಂದು ಸಾಲಿನ ಕೋಡ್ ಸಾಕು. ಅದಕ್ಕೂ ಕೋರ್ಟ್ ಆದೇಶಕ್ಕೆ ಕಾಯಬೇಕಾ?